ಹತ್ತು ತಿಂಗಳ ಮಗುವಿಗೆ ಮೂಗು ಕಟ್ಟಿದೆ, ನಾಲ್ಕು ವರ್ಷದವನಿಗೆ ಕೆಮ್ಮು: ಯಾವ ಮನೆಮದ್ದು ಮಾಡಬಹುದು, ಯಾವುದು ಬೇಡ?

ಪುಟ್ಟಿಯ ಅಮ್ಮ (ರಾತ್ರಿ 1:40)
ಮಗಳಿಗೆ ಹತ್ತು ತಿಂಗಳು, ಮಗನಿಗೆ ನಾಲ್ಕು ವರ್ಷ. ನೆಗಡಿ ಮೊದಲು ಹತ್ತಿದ್ದು ಅವನಿಗೆ, ಮೂರನೆಯ ದಿನಕ್ಕೆ ಅವಳಿಗೂ ಅಂಟಿತು. ಅವಳು ಹಾಲಿಗೆ ಬಾಯಿ ಹಾಕುತ್ತಾಳೆ, ಎರಡು ಗುಟುಕು ಎಳೆಯುತ್ತಾಳೆ, ಉಸಿರು ಸಿಗದೆ ಬಿಟ್ಟು ಅಳುತ್ತಾಳೆ. ಮೂಗಿನಲ್ಲಿ ಗೊರಗೊರ ಸದ್ದು. ಜ್ವರ 37.8 ಡಿಗ್ರಿ. ಮಗನಿಗೆ ಜ್ವರವಿಲ್ಲ, ಆದರೆ ತಲೆ ದಿಂಬಿಗೆ ತಾಗಿದ ಕೂಡಲೇ ಕೆಮ್ಮು ಶುರುವಾಗುತ್ತದೆ.

ಸಂಜೆ ವೈದ್ಯರಿಗೆ ತೋರಿಸಿದೆವು. ಎದೆ ಸ್ವಚ್ಛವಾಗಿದೆ, ವೈರಸ್ ನೆಗಡಿ, ತಾನಾಗಿ ಹೋಗುತ್ತದೆ ಎಂದರು. ಹೋಗುವವರೆಗೆ ರಾತ್ರಿ ಕಳೆಯುವುದು ಹೇಗೆ ಎಂದು ಕೇಳಲು ನನಗೆ ಆಗ ಹೊಳೆಯಲಿಲ್ಲ. ಜೇನಿನಲ್ಲಿ ಶುಂಠಿ ರಸ ಬೆರೆಸಿ ಇಬ್ಬರಿಗೂ ನೆಕ್ಕಿಸೋಣ ಎಂದು ಅತ್ತೆ ಹೇಳುತ್ತಿದ್ದಾರೆ. ಹಬೆ ಕೊಡು ಎಂದು ನನ್ನ ತಾಯಿ ಫೋನಿನಲ್ಲಿ ಹೇಳಿದರು. ಈರುಳ್ಳಿ ಹೆಚ್ಚಿ ಕಾಲುಚೀಲದೊಳಗೆ ಇಡು ಎಂದು ಗೆಳತಿಯ ಸಲಹೆ. ಮೂವರೂ ಮಕ್ಕಳನ್ನು ಸಾಕಿ ಬೆಳೆಸಿದವರು. ಅವರ ಮಾತನ್ನು ತಳ್ಳಿಹಾಕುವ ಮನಸ್ಸಿಲ್ಲ, ಕಣ್ಣು ಮುಚ್ಚಿ ಮಾಡುವ ಧೈರ್ಯವೂ ಇಲ್ಲ. ಅನುಭವವಿದ್ದವರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್ (ರಾತ್ರಿ 1:52)
ಹತ್ತು ತಿಂಗಳ ಮಗುವಿಗೆ ಜೇನು ಬೇಡ. ಒಂದು ಹನಿಯೂ ಬೇಡ. ರಾತ್ರಿ ಪಾಳಿಯಲ್ಲಿದ್ದೇನೆ, ಕಾರಣವನ್ನು ಬೆಳಿಗ್ಗೆ ಬರೆಯುತ್ತೇನೆ.

ಅವಳಿ ಮಕ್ಕಳ ಅಪ್ಪ (ರಾತ್ರಿ 2:05)
ಈಗಲೇ ಮಾಡಬಹುದಾದದ್ದು ಒಂದಿದೆ, ಉಪ್ಪುನೀರಿನ ಹನಿ. ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಮೂಗಿನ ಹನಿ ಮನೆಯಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಕಾಲು ಲೀಟರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಪುಡಿ ಉಪ್ಪು ಹಾಕಿ ಪೂರ್ತಿ ಕರಗಿಸಿ. ಕುದಿಸದ ನೀರನ್ನು ಮೂಗಿಗೆ ಹಾಕಲೇಬೇಡಿ.

ನಾನು ಮಾಡುವ ಕ್ರಮ ಇದು. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ತಲೆಯನ್ನು ಮೊಣಕಾಲಿನ ಕಡೆಗೆ ತುಸು ಇಳಿಬಿಡುತ್ತೇನೆ. ಹನಿಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡಿರುತ್ತೇನೆ, ಯಾಕೆಂದರೆ ತಣ್ಣನೆಯ ಹನಿಗೆ ಮಕ್ಕಳು ಬೆಚ್ಚಿ ತಲೆ ಕೊಡವುತ್ತಾರೆ. ಒಂದೊಂದು ಹೊಳ್ಳೆಗೆ ಎರಡು ಮೂರು ಹನಿ. ಅರ್ಧ ನಿಮಿಷ ಕಾಯಬೇಕು. ಮಗು ಸೀನುತ್ತದೆ, ಗಟ್ಟಿಯಾಗಿ ಕಚ್ಚಿಕೊಂಡಿದ್ದ ಸಿಂಬಳ ದಾರದಂತೆ ಕೆಳಗೆ ಇಳಿಯುತ್ತದೆ. ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಥವಾ ರಬ್ಬರ್ ಬಲ್ಬಿನಿಂದ ಮೆಲ್ಲನೆ ಎಳೆಯಿರಿ. ಬಲ್ಬನ್ನು ಮೊದಲೇ ಹಿಚುಕಿಕೊಂಡು ಆಮೇಲೆ ಮೂಗಿನ ಬಾಯಿಗೆ ಇಡಬೇಕು. ಮೂಗಿನಲ್ಲಿಟ್ಟು ಹಿಚುಕಿದರೆ ಸಿಂಬಳವೆಲ್ಲ ಒಳಗೇ ಹೋಗುತ್ತದೆ. ಹಾಲು ಕುಡಿಸುವುದಕ್ಕೆ ಹತ್ತು ನಿಮಿಷ ಮುಂಚೆ ಮಾಡಿ ನೋಡಿ.

ಪುಟ್ಟಿಯ ಅಮ್ಮ (ರಾತ್ರಿ 3:10)
ಮಾಡಿದೆ. ಮೊದಲ ಹೊಳ್ಳೆಗೆ ಹಾಕಿದಾಗ ಕಿರುಚಿದಳು, ಎರಡನೆಯದಕ್ಕೆ ಸೀನಿದಳು. ಎಷ್ಟು ಬಂತೆಂದು ಹೇಳಲಾರೆ! ಒಂದು ಬದಿ ಪೂರ್ತಿ ಹಾಲು ಕುಡಿದು ಈಗ ಮಲಗಿದ್ದಾಳೆ. ನಿಮಗೆ ಋಣಿ.

ಹಳೆಬೇರು (ಬೆಳಿಗ್ಗೆ 6:15)
ನಾಲ್ಕು ಮಕ್ಕಳು, ಆರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು ನಾನು. ನನ್ನ ನಾಲ್ವರಿಗೂ ಹುಟ್ಟಿದಾಗಿನಿಂದ ಜೇನು ನೆಕ್ಕಿಸಿದ್ದೇನೆ, ಯಾರಿಗೂ ಏನೂ ಆಗಿಲ್ಲ. ಈಗಿನವರು ಪ್ರತಿಯೊಂದಕ್ಕೂ ಹೆದರುತ್ತಾರೆ, ಹೆದರಿಸುತ್ತಾರೆ. ಹಿರಿಯರು ಹೇಳಿದ್ದೆಲ್ಲ ವಿಷವೇ? ನಿಮ್ಮ ಅತ್ತೆ ಹೇಳಿದ್ದರಲ್ಲಿ ತಪ್ಪೇನಿದೆ, ತಾಯೀ?

ವಾರ್ಡ್ ಸಿಸ್ಟರ್ (ಬೆಳಿಗ್ಗೆ 8:30)
ಅಮ್ಮಾ, ನಿಮ್ಮ ಅನುಭವ ಸುಳ್ಳೆಂದು ನಾನು ಹೇಳುವುದಿಲ್ಲ. ಕಾಯಿಲೆ ಅಪರೂಪದ್ದು, ಹಾಗಾಗಿ ಜೇನು ತಿಂದ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಆದ ಮಗುವಿಗೆ ಏನಾಗುತ್ತದೆ ಎಂಬುದನ್ನು ಕೇಳಿ.

ಜೇನಿನಲ್ಲಿ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ನಮ್ಮ ನಿಮ್ಮ ಕರುಳಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ತುಂಬಿಕೊಂಡಿರುವುದರಿಂದ ಅವು ಮೊಳೆಯಲು ಜಾಗ ಸಿಗುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿಗೆ ಆ ಕಾವಲು ಇನ್ನೂ ಬಂದಿರುವುದಿಲ್ಲ. ಅಲ್ಲಿ ಮೊಳೆತರೆ ಒಳಗಿಂದಲೇ ವಿಷ ಉತ್ಪತ್ತಿಯಾಗುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಅಳು ಕ್ಷೀಣಿಸುತ್ತದೆ, ಹಾಲು ಚೀಪುವ ಶಕ್ತಿ ಹೋಗುತ್ತದೆ, ರೆಪ್ಪೆ ಇಳಿಬೀಳುತ್ತದೆ, ಮೈ ಬಟ್ಟೆಯಂತೆ ಜೋಲುತ್ತದೆ. ಉಸಿರಾಟಕ್ಕೆ ಯಂತ್ರ ಹಾಕಬೇಕಾಗಬಹುದು. ಶಿಶುಗಳಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದೇ 1976ರಲ್ಲಿ. ಅದಕ್ಕೆ ಹಿಂದೆ ಹೀಗೆ ಹೋದ ಮಕ್ಕಳಿಗೆ ಏನಾಯಿತೆಂದು ಹೇಳುವವರೇ ಇರಲಿಲ್ಲ.

ಜೇನನ್ನು ಕಾಯಿಸಿ ಕೊಟ್ಟರೂ ಪ್ರಯೋಜನವಿಲ್ಲ, ಕುದಿಯುವ ನೀರಿನ ಶಾಖಕ್ಕೆ ಈ ಬೀಜಾಣು ಸಾಯುವುದಿಲ್ಲ. ಶುದ್ಧ ಜೇನು, ಕಾಡಿನ ಜೇನು, ಅಂಗಡಿಯ ಜೇನು ಎಂಬ ಭೇದವೂ ಇಲ್ಲ. ಹನ್ನೆರಡು ತಿಂಗಳು ತುಂಬಲಿ, ಆಮೇಲೆ ಧಾರಾಳವಾಗಿ ಕೊಡಿ.

ಲೆಕ್ಕದ ಮೇಷ್ಟ್ರು (ಬೆಳಿಗ್ಗೆ 8:58)
ನಾಲ್ಕು ವರ್ಷದ ಮಗನಿಗೆ ಮಾತ್ರ ಅತ್ತೆಯವರ ಜೇನೇ ಸರಿಯಾದ ಮದ್ದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಂದು ಮಗುವಿಗೆ ಬೇಡ ಎಂದದ್ದನ್ನು ಜನ ಎಲ್ಲ ಮಕ್ಕಳಿಗೂ ಬೇಡ ಎಂದು ತಿಳಿಯುತ್ತಾರೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1ರಿಂದ 5 ವರ್ಷದ 300 ಮಕ್ಕಳಿಗೆ ಮಲಗುವ ಅರ್ಧ ಗಂಟೆ ಮುಂಚೆ 10 ಗ್ರಾಂ ಜೇನು ಅಥವಾ ಅದರಂತೆಯೇ ಕಾಣುವ ಖರ್ಜೂರದ ಪಾಕ ಕೊಟ್ಟರು. ಎರಡೂ ಗುಂಪಿನಲ್ಲಿ ಕೆಮ್ಮು ಇಳಿಯಿತು, ಜೇನು ತಿಂದವರಲ್ಲಿ ಹೆಚ್ಚು ಇಳಿಯಿತು. ಖರ್ಜೂರದ ಗುಂಪಿಗೂ ಗುಣ ಕಂಡದ್ದನ್ನು ಗಮನಿಸಿ. ನೆಗಡಿ ತಾನಾಗಿ ಇಳಿಯುತ್ತಿರುತ್ತದೆ, ನಾವು ಆ ಹೊತ್ತಿಗೆ ಕೊಟ್ಟದ್ದಕ್ಕೆ ಹೆಸರು ಬರುತ್ತದೆ. ಮನೆಮದ್ದಿನ ಲೆಕ್ಕ ತಪ್ಪುವುದೇ ಇಲ್ಲಿ.

ಅರ್ಧದಿಂದ ಒಂದು ಟೀ ಚಮಚ ಸಾಕು. ಕೊಟ್ಟ ಮೇಲೆ ಹಲ್ಲು ಉಜ್ಜಿಸಿ.

ನೀಲಿಕೊಡೆ (ಬೆಳಿಗ್ಗೆ 9:20)
ಶುಂಠಿ?

ವಾರ್ಡ್ ಸಿಸ್ಟರ್ (ಬೆಳಿಗ್ಗೆ 9:31)
ದೊಡ್ಡ ಮಗುವಿಗೆ ಬಿಸಿನೀರಿನಲ್ಲಿ ಒಂದೆರಡು ಹನಿ ಶುಂಠಿ ರಸ, ಜೇನು, ನಿಂಬೆ ಬೆರೆಸಿ ಉಗುರುಬೆಚ್ಚಗೆ ಕುಡಿಸಿದರೆ ಗಂಟಲಿಗೆ ಹಿತ. ಶುಂಠಿಯಿಂದ ನೆಗಡಿ ಬೇಗ ಹೋಗುತ್ತದೆಂಬ ನಿರೀಕ್ಷೆ ಬೇಡ. ಆರು ತಿಂಗಳಾಗದ ಕೂಸಿಗಾದರೆ ಎದೆಹಾಲು ಅಥವಾ ಅದು ಕುಡಿಯುವ ಹಾಲು ಬಿಟ್ಟು ಕಷಾಯವೂ ಬೇಡ, ನೀರೂ ಬೇಡ. ನೀರಿನಿಂದ ಹೊಟ್ಟೆ ತುಂಬಿದರೆ ಹಾಲು ಕಡಿಮೆಯಾಗುತ್ತದೆ.

ಮಳೆಹನಿ (ಬೆಳಿಗ್ಗೆ 10:02)
ಉಪ್ಪುನೀರಿನಿಂದ ಮೂಗು ಬಿಡುತ್ತದೆ ಸರಿ, ಕಾಯಿಲೆ ಕಡಿಮೆಯಾಗುತ್ತದೆಯೇ? ನನ್ನ ಮಗಳಿಗೆ ಹಾಕಿದಷ್ಟೂ ಮತ್ತೆ ಕಟ್ಟುತ್ತಿತ್ತು.

ಲೆಕ್ಕದ ಮೇಷ್ಟ್ರು (ಬೆಳಿಗ್ಗೆ 10:25)
ಸ್ಕಾಟ್ಲೆಂಡಿನಲ್ಲಿ ಇದನ್ನೇ ಪರೀಕ್ಷಿಸಿದರು. ಆರು ವರ್ಷದವರೆಗಿನ 407 ಮಕ್ಕಳನ್ನು ಸೇರಿಸಿಕೊಂಡಿದ್ದರು, ಅವರಲ್ಲಿ 301 ಮಕ್ಕಳಿಗೆ ನೆಗಡಿಯಾಯಿತು. ಅರ್ಧ ಮಕ್ಕಳಿಗೆ ತಂದೆತಾಯಿ ಮನೆಯಲ್ಲೇ ಶೇಕಡಾ 2.6ರ ಉಪ್ಪುನೀರನ್ನು ದಿನಕ್ಕೆ ನಾಲ್ಕು ಬಾರಿಯಾದರೂ ಮೂರು ಮೂರು ಹನಿ ಹಾಕಿದರು. ಅವರ ನೆಗಡಿ ಸರಾಸರಿ 6 ದಿನಕ್ಕೆ ಹೋಯಿತು, ಉಳಿದವರದು 8 ದಿನಕ್ಕೆ. ಮನೆಯ ಇತರರಿಗೆ ಅಂಟಿದ್ದೂ ಸ್ವಲ್ಪ ಕಡಿಮೆ. 2024ರಲ್ಲಿ ವಿಯೆನ್ನಾದ ಶ್ವಾಸಕೋಶ ತಜ್ಞರ ಸಮಾವೇಶದಲ್ಲಿ ಮಂಡಿಸಿದ ಫಲಿತಾಂಶ ಇದು.

ಉಪ್ಪಿನಲ್ಲಿರುವ ಕ್ಲೋರೈಡನ್ನು ಮೂಗಿನ ಜೀವಕೋಶಗಳು ಬಳಸಿ ವೈರಸ್ ವಿರುದ್ಧ ಹೈಪೋಕ್ಲೋರಸ್ ಆಮ್ಲ ತಯಾರಿಸುತ್ತವೆ ಎಂಬುದು ಸಂಶೋಧಕರ ವಿವರಣೆ. ಎರಡು ದಿನವೆಂದರೆ ಕೇಳುವುದಕ್ಕೆ ಅಲ್ಪ, ರಾತ್ರಿ ಎಚ್ಚರವಿರುವವರಿಗೆ ಅಲ್ಪವಲ್ಲ.

ಅವಳಿ ಮಕ್ಕಳ ಅಪ್ಪ (ಬೆಳಿಗ್ಗೆ 10:40)
ಎಚ್ಚರಿಕೆ: ಮೇಷ್ಟ್ರು ಹೇಳಿದ 2.6 ಕಣ್ಣೀರಿಗಿಂತ ಹೆಚ್ಚು ಉಪ್ಪು, ಎಳೆಮೂಗಿಗೆ ಉರಿಯಬಹುದು. ನಾನು ಹೇಳಿದ ಅಳತೆ ಶೇಕಡಾ 0.9ರ ಆಸುಪಾಸಿನದು. ಹೆಚ್ಚು ಉಪ್ಪಿನದು ಬೇಕೆಂದರೆ ವೈದ್ಯರನ್ನು ಕೇಳಿ ಸಿದ್ಧ ಹನಿಯನ್ನೇ ತನ್ನಿ.

ಕಾಡುಮಲ್ಲಿಗೆ (ಮಧ್ಯಾಹ್ನ 12:15)
ಹಬೆಯ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಬರೆಯಲೇಬೇಕು.

ನನ್ನ ಮಗನಿಗೆ ಆಗ ಮೂರು ವರ್ಷ. ಪಾತ್ರೆಯಲ್ಲಿ ಕುದಿಯುವ ನೀರು, ಮೇಲೆ ದಪ್ಪ ಬಟ್ಟೆ, ಒಳಗೆ ನಾನೂ ಅವನೂ. ನಾನು ಪಕ್ಕದಲ್ಲೇ ಇದ್ದೆ, ಅವನ ಬೆನ್ನ ಮೇಲೆ ನನ್ನ ಕೈಯಿತ್ತು. ಬಿಸಿ ಮುಖಕ್ಕೆ ಬಡಿದಾಗ ಅವನು ಹಿಂದಕ್ಕೆ ಸರಿಯಲಿಲ್ಲ, ಹೆದರಿ ಪಾತ್ರೆಯ ಅಂಚನ್ನೇ ಹಿಡಿದುಕೊಂಡ. ಪಾತ್ರೆ ಅವನ ತೊಡೆಯ ಮೇಲೆ ಮಗುಚಿತು. ಬಟ್ಟೆ ಬಿಸಿನೀರನ್ನು ಹೀರಿ ಚರ್ಮಕ್ಕೆ ಅಂಟಿಕೊಂಡಿತು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದೆವು. ಅವನಿಗೀಗ ಒಂಬತ್ತು, ಬಲತೊಡೆಯ ಚರ್ಮ ಇಂದಿಗೂ ಸುಕ್ಕುಗಟ್ಟಿದ ಕಾಗದದಂತಿದೆ. ನೆಗಡಿಗೆಂದು ಮಾಡಿದ್ದು ಅದು. ಆ ನೆಗಡಿ ಅಷ್ಟು ಹೊತ್ತಿಗೆ ತಾನೇ ಹೋಗಿತ್ತು.

ಪಾತ್ರೆಯ ಹಬೆ ಮಕ್ಕಳಿಗೆ ಬೇಡ. ಪಕ್ಕದಲ್ಲೇ ಇರುತ್ತೇನೆ ಎನ್ನಬೇಡಿ, ನಾನೂ ಪಕ್ಕದಲ್ಲೇ ಇದ್ದೆ.

ಹಳೆಬೇರು (ಮಧ್ಯಾಹ್ನ 12:40)
ಓದಿ ಮೈ ಜುಮ್ಮೆಂದಿತು, ಮಗಳೇ. ಅವನು ಈಗ ಓಡಾಡಿಕೊಂಡು ಚೆನ್ನಾಗಿದ್ದಾನೆಯೇ?

ಕಾಡುಮಲ್ಲಿಗೆ (ಮಧ್ಯಾಹ್ನ 12:44)
ಚೆನ್ನಾಗಿದ್ದಾನೆ ಅಮ್ಮಾ, ಚೆಂಡಾಟದಲ್ಲಿ ಎಲ್ಲರಿಗಿಂತ ಮುಂದು.

ವಾರ್ಡ್ ಸಿಸ್ಟರ್ (ಮಧ್ಯಾಹ್ನ 1:10)
ಹಬೆಗೆ ಸುಟ್ಟುಕೊಂಡ ಮಕ್ಕಳನ್ನು ನಾನೂ ನೋಡಿದ್ದೇನೆ. ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವಷ್ಟು ಲಾಭವೂ ಅದರಲ್ಲಿಲ್ಲ. ಬಿಸಿ ಹಬೆಯಿಂದ ನೆಗಡಿ ಕಡಿಮೆಯಾಗುತ್ತದೆಂದು ಅಧ್ಯಯನಗಳಲ್ಲಿ ಖಚಿತವಾಗಿ ಕಂಡುಬಂದಿಲ್ಲ. ಎಂದಾದರೂ ಯಾರಿಗಾದರೂ ಬಿಸಿನೀರು ಬಿದ್ದರೆ ಬಟ್ಟೆ ತೆಗೆದು ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಯಬಿಡಿ. ಮಂಜುಗಡ್ಡೆ, ಎಣ್ಣೆ, ಹಲ್ಲಿನ ಪೇಸ್ಟು ಹಚ್ಚಬೇಡಿ. ಆಮೇಲೆ ಆಸ್ಪತ್ರೆಗೆ ಹೋಗಿ.

ನೀಲಿಕೊಡೆ (ಮಧ್ಯಾಹ್ನ 1:35)
ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿಕೊಂಡು ಮಗುವನ್ನು ಎತ್ತಿಕೊಂಡು ದೂರ ಕುಳಿತರೆ? ನನ್ನ ಮಗಳಿಗೆ ಅದರಿಂದ ನೆಮ್ಮದಿ ಕಂಡಿದೆ.

ವಾರ್ಡ್ ಸಿಸ್ಟರ್ (ಮಧ್ಯಾಹ್ನ 1:50)
ನೀರು ಕೈಗೆಟುಕದಷ್ಟು ದೂರದಲ್ಲಿ ಎತ್ತಿಕೊಂಡು ಕುಳಿತರೆ ತಪ್ಪಿಲ್ಲ. ಅದರಲ್ಲಿ ಅರ್ಧ ನೆಮ್ಮದಿ ಎತ್ತಿಕೊಂಡದ್ದರದ್ದು.

ಮೂರು ಮಕ್ಕಳ ತಂದೆ (ಮಧ್ಯಾಹ್ನ 2:20)
ನಮ್ಮ ಮನೆಯಲ್ಲಿ ಕರ್ಪೂರವನ್ನು ಎಣ್ಣೆಯಲ್ಲಿ ಕರಗಿಸಿ ಎದೆಗೆ, ಮೂಗಿನ ಹೊಳ್ಳೆಗೆ ಸವರುತ್ತೇವೆ. ಐದು ನಿಮಿಷದಲ್ಲಿ ಮೂಗು ಬಿಡುತ್ತದೆ. ಕಣ್ಣಾರೆ ಕಂಡದ್ದಕ್ಕೆ ಯಾವ ಅಧ್ಯಯನ ಬೇಕು? ಅಂಗೈ ಹುಣ್ಣಿಗೆ ಕನ್ನಡಿಯೇ?

ಲೆಕ್ಕದ ಮೇಷ್ಟ್ರು (ಮಧ್ಯಾಹ್ನ 2:48)
ಕಣ್ಣಿಗೆ ಕಂಡದ್ದು ಬೇರೆ, ಮೂಗಿನಲ್ಲಿ ಆದದ್ದು ಬೇರೆ. ಮೆಂಥಾಲ್, ಕರ್ಪೂರದಂಥವು ಮೂಗಿನ ನರಗಳಲ್ಲಿ ತಂಪಿನ ಅನುಭವ ಎಬ್ಬಿಸುತ್ತವೆ. ಗಾಳಿ ಹೆಚ್ಚು ಹೋದಂತೆ ಅನಿಸುತ್ತದೆ, ಅಳೆದು ನೋಡಿದರೆ ಹೋಗುವ ಗಾಳಿ ಅಷ್ಟೇ ಇರುತ್ತದೆ. ದೊಡ್ಡ ಮಕ್ಕಳು ಆ ಅನಿಸಿಕೆಯಿಂದಲೇ ನಿದ್ದೆ ಹೋದರೆ ಅದೂ ಒಂದು ಲಾಭ, ಅಲ್ಲಗಳೆಯುವುದಿಲ್ಲ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಎದೆಗೆ ಸವರುವ ಮುಲಾಮಿನಿಂದ ನಿದ್ದೆ ಸುಧಾರಿಸಿದ್ದು 2010ರ ಅಧ್ಯಯನವೊಂದರಲ್ಲಿ ಕಂಡಿದೆ. ಕೆಲವು ಮಕ್ಕಳಿಗೆ ಚರ್ಮ ಉರಿದದ್ದೂ ಅದರಲ್ಲೇ ಇದೆ.

ವಾರ್ಡ್ ಸಿಸ್ಟರ್ (ಮಧ್ಯಾಹ್ನ 3:05)
ಅಣ್ಣಾ, ಹೊಳ್ಳೆಗೆ ಸವರುವುದನ್ನು ಇಂದೇ ನಿಲ್ಲಿಸಿ, ಕೈ ಮುಗಿದು ಕೇಳುತ್ತೇನೆ. ಎರಡು ವರ್ಷದೊಳಗಿನ ಮಗುವಿಗೆ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಯಾವುದೂ ಬೇಡ. ಕರ್ಪೂರ ಮೂಗಿನ ಒಳಪೊರೆಯಿಂದ, ಗಾಯವಾದ ಚರ್ಮದಿಂದ ರಕ್ತಕ್ಕೆ ಸೇರುತ್ತದೆ. ಮಗು ಒಂದಿಷ್ಟು ನುಂಗಿದರಂತೂ ನಿಮಿಷಗಳಲ್ಲೇ ಫಿಟ್ಸ್ ಬರಬಹುದು. ಅಮೆರಿಕದಲ್ಲಿ ಮುಲಾಮುಗಳಲ್ಲಿ ಕರ್ಪೂರ ಶೇಕಡಾ 11ಕ್ಕಿಂತ ಹೆಚ್ಚಿರಬಾರದೆಂದು ಮಿತಿ ಹಾಕಿರುವುದು ಇದಕ್ಕೇ. ಮನೆಯಲ್ಲಿ ಕರಗಿಸಿದಾಗ ಎಷ್ಟು ಶೇಕಡಾ ಆಯಿತೆಂದು ಅಳೆಯುವವರು ಯಾರು?

ಮೂಗಿಗೆ ಎಣ್ಣೆ ಬಿಡುವುದೂ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಕೂತು ನ್ಯುಮೋನಿಯಾ ಮಾಡುತ್ತದೆ. ನೀರಿನ ಹಾಗೆ ಎಣ್ಣೆಗೆ ಮಗು ಕೆಮ್ಮುವುದಿಲ್ಲ, ಇಳಿದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಮೂರು ಮಕ್ಕಳ ತಂದೆ (ಮಧ್ಯಾಹ್ನ 3:30)
ಇದು ನನಗೆ ತಿಳಿದಿರಲಿಲ್ಲ. ಕಿರಿಯವನಿಗೆ ಒಂದೂವರೆ ವರ್ಷ. ನಿಲ್ಲಿಸುತ್ತೇನೆ.

ಮಳೆಹನಿ (ಸಂಜೆ 4:10)
ಈರುಳ್ಳಿ ಕಾಲುಚೀಲದ ಬಗ್ಗೆಯೂ ಯಾರಾದರೂ ಹೇಳಿ. ಮನೆಯಲ್ಲಿ ಎಲ್ಲರೂ ನಂಬಿದ್ದಾರೆ.

ಅವಳಿ ಮಕ್ಕಳ ಅಪ್ಪ (ಸಂಜೆ 4:22)
ಮಾಡಿದ್ದೇನೆ. ಒಬ್ಬಳಿಗೆ ಇಟ್ಟೆ, ಇನ್ನೊಬ್ಬಳು ಒಪ್ಪಲಿಲ್ಲ. ಇಬ್ಬರ ನೆಗಡಿಯೂ ಒಂದೇ ದಿನ ಹೋಯಿತು. ಅಂಗಾಲಿನಿಂದ ನೆಗಡಿಯನ್ನು ಎಳೆಯುವ ದಾರಿ ದೇಹದಲ್ಲಿಲ್ಲ. ಹಾನಿಯಿಲ್ಲ, ಹಾಸಿಗೆಯೆಲ್ಲ ನಾರುತ್ತದೆ.

ಹಳೆಬೇರು (ಸಂಜೆ 4:50)
ತಣ್ಣೀರಿನಲ್ಲಿ ಕಾಲಾಡಿಸಿದರೆ, ಒದ್ದೆ ತಲೆಯಲ್ಲಿ ಗಾಳಿಗೆ ಹೋದರೆ ನೆಗಡಿ ಬರುತ್ತದೆ ಎಂದರೂ ಈಗ ಒಪ್ಪುವುದಿಲ್ಲ. ವೈರಸ್, ವೈರಸ್ ಎನ್ನುತ್ತೀರಿ. ಹಾಗಾದರೆ ನಾವು ಜೀವನವಿಡೀ ಕಂಡದ್ದು ಏನು?

ಲೆಕ್ಕದ ಮೇಷ್ಟ್ರು (ಸಂಜೆ 5:30)
ಇಲ್ಲಿ ನೀವು ಅರ್ಧ ಗೆದ್ದಿರಿ, ಅಮ್ಮಾ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ 1990ರವರೆಗೆ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರವಿತ್ತು. ಅಲ್ಲಿ ಸ್ವಯಂಸೇವಕರನ್ನು ಒದ್ದೆ ಮೈಯಲ್ಲಿ ಚಳಿಗೆ ನಿಲ್ಲಿಸಿ ನೋಡಿದರು, ಚಳಿಯಿಂದ ನೆಗಡಿ ಹೆಚ್ಚಲಿಲ್ಲ. ಆದರೆ 2005ರಲ್ಲಿ ಕಾರ್ಡಿಫ್‌ನಲ್ಲಿ 180 ಜನರನ್ನು ತೆಗೆದುಕೊಂಡು ಅರ್ಧದಷ್ಟು ಜನರ ಕಾಲನ್ನು 20 ನಿಮಿಷ ತಣ್ಣೀರಿನಲ್ಲಿ ಇಡಿಸಿದರು. ಮುಂದಿನ ನಾಲ್ಕೈದು ದಿನಗಳಲ್ಲಿ ಅವರಲ್ಲಿ ಶೇಕಡಾ 29ರಷ್ಟು ಜನ ನೆಗಡಿಯ ಲಕ್ಷಣ ಹೇಳಿಕೊಂಡರು, ಉಳಿದವರಲ್ಲಿ ಶೇಕಡಾ 9. ಮೂಗಿನಲ್ಲಿ ಆಗಲೇ ಸದ್ದಿಲ್ಲದೆ ಇದ್ದ ವೈರಸ್ಸಿಗೆ ಚಳಿಯಿಂದ ಬಲ ಬಂದಿರಬಹುದೆಂದು ಅವರ ಊಹೆ. ವೈರಸ್ ಇಲ್ಲದೆ ನೆಗಡಿಯಿಲ್ಲ ಎಂಬುದಂತೂ ನಿಜ. ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ, ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಅದಕ್ಕೇ.

ಹಳೆಬೇರು (ಸಂಜೆ 5:41)
ಅರ್ಧವಾದರೂ ಒಪ್ಪಿದಿರಲ್ಲ, ಸಂತೋಷ. ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಚಿಕ್ಕದೆಂದು ಕಂಡರೂ ಮನೆಮಂದಿಯನ್ನೆಲ್ಲ ಅಲ್ಲಾಡಿಸುತ್ತದೆ.

ನೀಲಿಕೊಡೆ (ಸಂಜೆ 6:05)
ಮಗಳಿಗೆ ಸಿಂಬಳ ಹಸಿರಾಗಿದೆ. ಆಂಟಿಬಯಾಟಿಕ್ ಕೊಡಿಸಬೇಕಲ್ಲವೇ? ಹಾಲು ನಿಲ್ಲಿಸಿದ್ದೇನೆ, ಕಫ ಹೆಚ್ಚುತ್ತದೆಂದು.

ವಾರ್ಡ್ ಸಿಸ್ಟರ್ (ಸಂಜೆ 6:30)
ಎರಡೂ ತಪ್ಪು ತಿಳಿವಳಿಕೆ, ಬೇಸರಿಸಬೇಡಿ. ವೈರಸ್ಸಿನೊಂದಿಗೆ ಹೋರಾಡಿದ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಕಿಣ್ವವಿದೆ, ಬಣ್ಣ ಅದರದು. ನೆಗಡಿ ಹಿಡಿದು ಮೂರನೆಯ, ನಾಲ್ಕನೆಯ ದಿನಕ್ಕೆ ಸಿಂಬಳ ಹಳದಿ, ಹಸಿರಾಗುವುದು ಸಹಜ. ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇಳಿದಂತಾಗಿ ಮತ್ತೆ ಜ್ವರ ಏರಿದರೆ, ಕಿವಿ ನೋವೆಂದು ಅತ್ತರೆ ತೋರಿಸಿ.

ಹಾಲಿನಿಂದ ಕಫ ಹೆಚ್ಚುವುದಿಲ್ಲ. ಹಾಲು ಗಂಟಲಲ್ಲಿ ದಪ್ಪಗೆ ಅನಿಸುತ್ತದೆ, ಅಷ್ಟೇ. ಊಟ ಸೇರದ ಮಗುವಿಗೆ ಅದೊಂದಾದರೂ ಹೋಗಲಿ, ನಿಲ್ಲಿಸಬೇಡಿ.

ಮೂರು ಮಕ್ಕಳ ತಂದೆ (ಸಂಜೆ 7:00)
ಇಷ್ಟೆಲ್ಲ ಬೇಡಗಳ ನಡುವೆ ಔಷಧಿ ಅಂಗಡಿಯ ಕೆಮ್ಮಿನ ಸಿರಪ್ ಕೊಟ್ಟು ಮಲಗಿಸುವುದೇ ಸುಲಭವಲ್ಲವೇ? ಡಾಕ್ಟರರೇ ಬರೆದುಕೊಟ್ಟ ಹಳೆಯ ಬಾಟಲಿ ಮನೆಯಲ್ಲಿದೆ.

ಲೆಕ್ಕದ ಮೇಷ್ಟ್ರು (ಸಂಜೆ 7:25)
ಬೇಡ. ಜನವರಿ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡು ವರ್ಷದೊಳಗಿನವರಿಗೆ ಅಂಗಡಿಯ ಕೆಮ್ಮು ನೆಗಡಿ ಔಷಧಿ ಕೊಡಬೇಡಿ ಎಂದು ಎಚ್ಚರಿಸಿತು. ಅದೇ ವರ್ಷ ತಯಾರಕರೇ ನಾಲ್ಕು ವರ್ಷದೊಳಗೆ ಬೇಡ ಎಂದು ಬಾಟಲಿಯ ಮೇಲೆ ಅಚ್ಚು ಹಾಕಿಸಿದರು. ಬ್ರಿಟನ್ನಿನಲ್ಲಿ ಹಲವು ಸಿರಪ್‌ಗಳಿಗೆ ಆರು ವರ್ಷದ ಗಡಿಯಿದೆ. ಮಕ್ಕಳ ಕೆಮ್ಮಿಗೆ ಇವುಗಳಿಂದ ಗುಣ ಕಂಡಿಲ್ಲ, ಮಂಪರು, ಎದೆಬಡಿತದ ಏರುಪೇರು ಕಂಡಿವೆ. 2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟದ್ದನ್ನು ಮರೆಯುವ ಹಾಗಿಲ್ಲ. ಒಬ್ಬರಿಗೆ ಬರೆದ ಹಳೆಯ ಬಾಟಲಿಯನ್ನು ಇನ್ನೊಬ್ಬರಿಗೆ ಕೊಡುವುದಂತೂ ಕತ್ತಲಲ್ಲಿ ಕಲ್ಲು ಹೊಡೆದಂತೆ.

ವಾರ್ಡ್ ಸಿಸ್ಟರ್ (ಸಂಜೆ 7:40)
ಜ್ವರದಿಂದ ಮಗು ನರಳುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದು. ವಯಸ್ಸು ನೋಡಿ ಕೊಡಬೇಡಿ, ತೂಕ ಹೇಳಿ ವೈದ್ಯರಿಂದ ಅಳತೆ ಬರೆಸಿಕೊಳ್ಳಿ. ಸಿರಪ್‌ಗಳಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಬಾಟಲಿ ಬದಲಾಗಿ ಚಮಚ ಅದೇ ಉಳಿದರೆ ಎರಡು ಪಟ್ಟು ಹೋಗುತ್ತದೆ. ಅಡುಗೆಮನೆಯ ಚಮಚ ಬಿಟ್ಟು ಜೊತೆಗೆ ಬರುವ ಸಿರಿಂಜಿನಲ್ಲೇ ಅಳೆಯಿರಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಫ್ಲೂ ಜ್ವರದಲ್ಲಿ ಅದನ್ನು ಕೊಟ್ಟರೆ ರೈ ಸಿಂಡ್ರೋಮ್ ಎಂಬ, ಮೆದುಳು ಮತ್ತು ಯಕೃತ್ತನ್ನು ಕೆಡಿಸುವ ಕಾಯಿಲೆ ಬರಬಹುದು.

ಕಂಬಳಿ ಹೊದಿಸಿ ಬೆವರಿಳಿಸುವುದೂ ಬೇಡ, ತಣ್ಣೀರು ಬಟ್ಟೆಯಲ್ಲಿ ನಡುಗಿಸುವುದೂ ಬೇಡ. ಹಗುರವಾದ ಬಟ್ಟೆ ಸಾಕು.

ಮಳೆಹನಿ (ರಾತ್ರಿ 8:15)
ಇದು ನೆಗಡಿಯೋ ಫ್ಲೂ ಜ್ವರವೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ವಾರ್ಡ್ ಸಿಸ್ಟರ್ (ರಾತ್ರಿ 8:50)
ನೆಗಡಿ ಮೆಲ್ಲನೆ ಬರುತ್ತದೆ, ಮಗು ಸೀನುತ್ತಲೇ ಆಡಿಕೊಂಡಿರುತ್ತದೆ. ಫ್ಲೂ ಬೆಳಿಗ್ಗೆ ಚೆನ್ನಾಗಿದ್ದ ಮಗುವನ್ನು ಸಂಜೆಗೆ ಮಲಗಿಸುತ್ತದೆ, ಜ್ವರ ಒಮ್ಮೆಲೇ ಏರುತ್ತದೆ, ಮೈಕೈ ನೋವು. ಹೀಗಾದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಐದು ವರ್ಷದೊಳಗಿನವರಿಗೆ, ಅದರಲ್ಲೂ ಎರಡರೊಳಗಿನವರಿಗೆ ಅದು ಬೇಗ ಉಲ್ಬಣಿಸುತ್ತದೆ. ಫ್ಲೂ ವೈರಸ್ಸಿನ ಮಾತ್ರೆ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಆರು ತಿಂಗಳು ತುಂಬಿದ ಮೇಲೆ ಲಸಿಕೆಯೂ ಇದೆ.

ನಾನು ಪ್ರತಿ ತಾಯಿಗೂ ಕಲಿಸುವುದು ಉಸಿರು ಎಣಿಸುವುದನ್ನು. ಮಗು ನಿದ್ದೆಯಲ್ಲಿದ್ದಾಗ, ಇಲ್ಲವೇ ಅಳದೆ ಸುಮ್ಮನಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಒಂದು ಏರಿಳಿತ ಒಂದು ಉಸಿರು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ದ್ವಿಗುಣಿಸಬೇಡಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗೆ ಹೇಳಿಕೊಡುವ ಲೆಕ್ಕವಿದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ನರಳುವ ಸದ್ದು, ತುಟಿ ನೀಲಿಯಾಗುವುದು, ಹಾಲು ಅರ್ಧಕ್ಕಿಂತ ಕಡಿಮೆಯಾಗುವುದು, ಬಹಳ ಹೊತ್ತು ಮೂತ್ರ ಮಾಡದಿರುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ರಾತ್ರಿಯೆಂದು ನೋಡದೆ ಹೊರಡಿ. ಮೂರು ತಿಂಗಳಾಗದ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಅಷ್ಟೇ ಸಾಕು, ಬೇರೇನೂ ಕಾಣಬೇಕಾಗಿಲ್ಲ.

ಅವಳಿ ಮಕ್ಕಳ ಅಪ್ಪ (ರಾತ್ರಿ 9:05)
ಕಟ್ಟಿದ ಮೂಗಿನ ಕೂಸಿಗೆ ತಲೆದಿಂಬು ಇಟ್ಟು ಮಲಗಿಸುವವರಿದ್ದಾರೆ. ವರ್ಷದೊಳಗಿನವರನ್ನು ಸಮತಟ್ಟು ಹಾಸಿಗೆಯಲ್ಲಿ ಅಂಗಾತವೇ ಮಲಗಿಸಬೇಕು. ದಿಂಬಿನಿಂದ ಕತ್ತು ಮಡಚಿ ಉಸಿರುದಾರಿ ಇನ್ನೂ ಕಿರಿದಾಗುತ್ತದೆ. ಎತ್ತರ ಬೇಕೆಂದರೆ ನಿಮ್ಮ ಭುಜವೇ ಎತ್ತರ, ನೀವು ಎಚ್ಚರವಿರುವಷ್ಟು ಹೊತ್ತು ಮಾತ್ರ.

ಮಳೆಹನಿ (ರಾತ್ರಿ 9:20)
ವಿಟಮಿನ್ ಸಿ ಕೊಡಬಹುದೇ?

ಲೆಕ್ಕದ ಮೇಷ್ಟ್ರು (ರಾತ್ರಿ 9:33)
ನೆಗಡಿ ಬಂದ ಮೇಲೆ ಶುರು ಮಾಡಿದರೆ ಲಾಭ ಕಂಡಿಲ್ಲ. ದಿನವೂ ತೆಗೆದುಕೊಳ್ಳುತ್ತಿದ್ದ ಮಕ್ಕಳಲ್ಲಿ ನೆಗಡಿಯ ಅವಧಿ ಶೇಕಡಾ 14ರಷ್ಟು ಇಳಿದಿದೆ, ಅಂದರೆ ಏಳು ದಿನದಲ್ಲಿ ಒಂದು ದಿನ. ಹಣ್ಣು ತಿನ್ನಿಸಿ.

ಪುಟ್ಟಿಯ ಅಮ್ಮ (ಐದನೆಯ ದಿನ, ರಾತ್ರಿ 10:30)
ಎಲ್ಲರಿಗೂ ತಿಳಿಸಬೇಕೆನಿಸಿತು. ಮಗಳ ಮೂಗು ಇನ್ನೂ ಸುರಿಯುತ್ತಿದೆ, ಆದರೆ ಹಾಲು ಪೂರ್ತಿ ಕುಡಿಯುತ್ತಾಳೆ. ಮಧ್ಯದಲ್ಲಿ ಒಂದು ರಾತ್ರಿ ಉಸಿರು ಜೋರೆನಿಸಿ ಎಣಿಸಿದೆ, 38 ಬಂತು. ಎರಡನೆಯ ಸಲ ಅತ್ತೆ ಎಣಿಸಿದರು, 37. ಇಬ್ಬರೂ ಅವಳ ಹೊಟ್ಟೆಯನ್ನೇ ನೋಡುತ್ತ ಕುಳಿತಿದ್ದೆವು. ಜೇನಿನ ವಿಷಯವನ್ನು ಅವರಿಗೆ ಹೇಗೆ ಹೇಳುವುದೆಂದು ಅಳುಕಿತ್ತು. ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ದೊಡ್ಡವನಿಗೆ ನಾನೇ ಕೊಡುತ್ತೇನೆ" ಎಂದರು. ಈಗ ದಿನವೂ ಮಲಗುವ ಮುಂಚೆ ಒಂದು ಚಮಚ ಅಜ್ಜಿಯ ಕೈಯಿಂದಲೇ. ಅವನ ಕೆಮ್ಮು ಪೂರ್ತಿ ಹೋಗಿಲ್ಲ, ರಾತ್ರಿ ಎರಡು ಸಲ ಏಳುತ್ತಾನೆ. ಇನ್ನೂ ಎಷ್ಟು ದಿನ ಇರಬಹುದು?

ವಾರ್ಡ್ ಸಿಸ್ಟರ್ (ರಾತ್ರಿ 10:48)
ಅರ್ಧದಷ್ಟು ಮಕ್ಕಳ ಕೆಮ್ಮು ಹತ್ತು ದಿನಕ್ಕೆ ಹೋಗುತ್ತದೆ, ಕೆಲವರಿಗೆ ಮೂರು ವಾರ ದಾಟುತ್ತದೆ. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಗಾಬರಿ ಬೇಡ. ನಾಲ್ಕು ವಾರವಾದರೂ ಉಳಿದರೆ ತೋರಿಸಿ. ಮನೆಯಲ್ಲಿ ಯಾವ ಬಗೆಯ ಹೊಗೆಯೂ ಬೇಡ.

ಹಳೆಬೇರು (ಮರುದಿನ ಬೆಳಿಗ್ಗೆ 5:50)
ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ನಾನೂ ಜೇನಿನ ಸೀಸೆಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟಿದ್ದೇನೆ. ಕಿರಿಯ ಮೊಮ್ಮಗಳಿಗೆ ಇನ್ನೂ ಏಳು ತಿಂಗಳು. ನಿನ್ನೆಯಿಂದ ಅವಳಿಗೂ ಮೂಗು ಕಟ್ಟಿದೆ. ಉಪ್ಪುನೀರಿನ ಅಳತೆಯನ್ನು ಇನ್ನೊಮ್ಮೆ ಹೇಳುತ್ತೀರಾ? ಕನ್ನಡಕ ಹಾಕಿಕೊಂಡು ಬರೆದುಕೊಳ್ಳುತ್ತೇನೆ.

ಅವಳಿ ಮಕ್ಕಳ ಅಪ್ಪ (ಬೆಳಿಗ್ಗೆ 6:04)
ಬರೆದುಕೊಳ್ಳಿ ಅಮ್ಮಾ. ಕುದಿಸಿ ಆರಿಸಿದ ನೀರು ಕಾಲು ಲೀಟರ್. ಪುಡಿ ಉಪ್ಪು ಅರ್ಧ ಟೀ ಚಮಚಕ್ಕಿಂತ ಚೂರು ಕಡಿಮೆ, ತಲೆ ಸವರಿದ್ದು. ಹನಿಬಾಟಲಿಯನ್ನೂ ಕುದಿಸಿ. ಮುಚ್ಚಿಡಿ, ಮರುದಿನಕ್ಕೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಿ. ಹಾಕುವ ಮುಂಚೆ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ.